ಒಂಬತ್ತನೆಯವನಾಗಲು ಸಮುದ್ರ ದಾಟಿದ್ದು

ಹೊಸನಗರದ ಬಸ್ ಸ್ಟ್ಯಾಂಡ್

ಊರು ಬಿಡುವ ದಿನ ನನ್ನ ಕೊರಳಲ್ಲಿ ಮೂರು ಹಾರಗಳಿದ್ದವು, ಹೊಟ್ಟೆಯಲ್ಲಿ ಒಂದು ಸುಳ್ಳಿತ್ತು. ಸುಳ್ಳು ನನ್ನದಲ್ಲ, ಸುಬ್ಬಣ್ಣ ಮಾವನದು. ಆದರೆ ಹಾರ ಹಾಕಿಸಿಕೊಂಡವನು ನಾನಾದ್ದರಿಂದ ಅದು ನನ್ನದೇ ಆಗಿಹೋಗಿತ್ತು.

ಸ್ಕ್ವಾಷ್ ಎಂಬ ಆಟದ ಹೆಸರನ್ನು ನಮ್ಮ ಕಡೆ ಹೆಚ್ಚು ಜನ ಕೇಳಿರಲಿಕ್ಕಿಲ್ಲ. ನಾಲ್ಕು ಗೋಡೆಗಳ ಕೋಣೆಯೊಳಗೆ ಇಬ್ಬರು ಬ್ಯಾಟು ಹಿಡಿದು ನಿಂತು, ಇಬ್ಬರೂ ಎದುರಿನ ಒಂದೇ ಗೋಡೆಗೆ ರಬ್ಬರು ಚೆಂಡು ಹೊಡೆಯಬೇಕು. ಚೆಂಡು ನೆಲದ ಮೇಲೆ ಎರಡು ಸಲ ಪುಟಿಯುವುದರೊಳಗೆ ಮತ್ತೊಬ್ಬ ಅದನ್ನು ಹೊಡೆಯಬೇಕು. ನಾನು ಇದನ್ನು ಕಲಿತದ್ದು ಸಾಗರ ಪೇಟೆಯ ಆಚೆ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದಾಗ. ಅಪ್ಪ ಅಲ್ಲಿ ಉಗ್ರಾಣದ ಗುಮಾಸ್ತರು. ರಜೆಯಲ್ಲಿ ಅವರ ಜೊತೆ ಇರಲು ಹೋದಾಗ, ಎಂಜಿನಿಯರುಗಳ ಕ್ಲಬ್ಬಿನ ಹಿಂದಿದ್ದ ಸ್ಕ್ವಾಷ್ ಕೋಣೆಗೆ ನುಸುಳುತ್ತಿದ್ದೆ.

ಅದನ್ನು ನೋಡಿಕೊಳ್ಳುತ್ತಿದ್ದವರು ಅಂತೋನಣ್ಣ. ಹಿಂದೆ ಮುಂಬಯಿಯ ಯಾವುದೋ ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದವರು. ಮಾರ್ಕರ್ ಅಂದರೆ ಆಟದ ಅಂಕ ಕೂಗುವವನು; ಜೊತೆ ಸಿಗದ ಸಾಹೇಬರಿಗೆ ಜೊತೆಯಾಗಿ ಆಡಿ ಕೊನೆಗೆ ನಾಜೂಕಾಗಿ ಸೋಲುವವನೂ ಹೌದು. ಇಪ್ಪತ್ತು ವರ್ಷ ಸೋಲುವುದನ್ನೇ ಕಸುಬು ಮಾಡಿಕೊಂಡಿದ್ದ ಈ ಮನುಷ್ಯ ನನ್ನನ್ನು ಮಾತ್ರ ಒಂದು ದಿನವೂ ಗೆಲ್ಲಲು ಬಿಡಲಿಲ್ಲ. "ಚೆಂಡಿಗೆ ಹೊಡೆಯೋದಲ್ಲ ಮಾರಾಯ, ಅದನ್ನ ಮಲಗಿಸ್ಬೇಕು. ತೊಟ್ಲಲ್ಲಿ ಮಗು ಮಲಗಿಸ್ದಂಗೆ" ಎನ್ನುತ್ತಿದ್ದರು. ಅವರು ತಟ್ಟಿದ ಚೆಂಡು ಗೋಡೆಗೆ ಮೆತ್ತಗೆ ತಾಗಿ, ಅದರ ಬುಡದಲ್ಲೇ ನಿದ್ದೆ ಹೋಗುತ್ತಿತ್ತು.

ಅಮೆರಿಕದ ಕಾಲೇಜುಗಳಲ್ಲಿ ಈ ಆಟಕ್ಕೆ ತಂಡಗಳಿವೆ, ಅವಕ್ಕೆ ಕೋಚ್‌ಗಳಿದ್ದಾರೆ ಎಂದು ನನ್ನ ತಲೆಗೆ ಹುಳ ಬಿಟ್ಟವರೂ ಅವರೇ. ಬೆಂಗಳೂರಿನ ಲೈಬ್ರರಿಯೊಂದರಲ್ಲಿ ಕಾಲೇಜುಗಳ ಪಟ್ಟಿ ನೋಡಿ ಹದಿನೇಳು ವಿಳಾಸ ಬರೆದುಕೊಂಡು ಬಂದೆ. ಕಾಗದ ಬರೆಸಿದ್ದು ಸುಬ್ಬಣ್ಣ ಮಾವ. ಮಾವ ಅಂದರೆ ಅಮ್ಮನ ಅಣ್ಣ, ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಸಣ್ಣ ಮಾತು ಆಡಿ ಗೊತ್ತಿಲ್ಲದವರು. ಕೋಚ್ ಮಹಾಶಯರ ಪಾದಾರವಿಂದಗಳಿಂದ ಶುರುವಾಗಿ ಅವರ ಕುಟುಂಬದ ಯೋಗಕ್ಷೇಮ ವಿಚಾರಿಸುವವರೆಗೆ ಒಂದು ಪುಟ. ನಾನು ಸ್ಕ್ವಾಷ್ ಆಡುತ್ತೇನೆಂಬ ವಿಷಯ ಬರುವುದು ಎರಡನೆಯ ಪುಟದ ಕೊನೆಗೆ.

ಶುಭಕಾರ್ಯದ ಕಾಗದ ಅಂದಮೇಲೆ ಅಮ್ಮ ಸುಮ್ಮನಿದ್ದಾರೆಯೇ? ಹದಿನೇಳು ಕಾಗದಕ್ಕೂ ನಾಲ್ಕು ನಾಲ್ಕು ಮೂಲೆಗೆ ಅರಿಶಿನ ಹಚ್ಚಿದರು. "ಅಮೆರಿಕದವ್ರಿಗೆ ಇದೆಲ್ಲ ಎಂತ ಗೊತ್ತಾಗತ್ತೆ?" ಎಂದರೆ, "ಅರಿಶಿನಕ್ಕೆ ಗೊತ್ತಾಗತ್ತೆ, ಸುಮ್ನಿರಾ" ಎಂದರು.

ನಾಲ್ಕು ಉತ್ತರ ಬಂದವು. ಒಬ್ಬರು ನಿಮ್ಮ ದೇಶದಲ್ಲೇ ಆಡಿ ಎಂದು ಹರಸಿದ್ದರು. ಒಬ್ಬರು ಈಜಿನ ತಂಡದ ಅರ್ಜಿ ಕಳಿಸಿದ್ದರು. ಮೂರನೆಯ ಕೋಚ್ ತೀರಿಕೊಂಡಿದ್ದರು. ಅವರ ಹೆಂಡತಿ, ಕುಟುಂಬದ ಕ್ಷೇಮ ವಿಚಾರಿಸಿದ್ದಕ್ಕೆ ನಿನಗೊಬ್ಬನಿಗೇ ಧನ್ಯವಾದ ಎಂದು ಬರೆದಿದ್ದರು. ನಾಲ್ಕನೆಯದು ಡಾಲ್ಟನ್ ಎಂಬ ಕೋಚ್‌ರದು. ಅದರಲ್ಲಿದ್ದದ್ದು ಇಷ್ಟೇ: ನಮ್ಮ ಕಾಲೇಜಿಗೆ ಓದಲು ಅರ್ಜಿ ಹಾಕು. ಸೀಟು ಸಿಕ್ಕಿ ಬಂದರೆ ನಿನ್ನ ಆಟ ಒಮ್ಮೆ ನೋಡುತ್ತೇನೆ. ತಂಡಕ್ಕೆ ಒಂಬತ್ತು ಜನ, ಮಾತು ಕೊಡಲಾರೆ.

ಸೀಟು ಸಿಕ್ಕಿತು. ಬೀಳ್ಕೊಡುಗೆ ಸಭೆಯಲ್ಲಿ ಮಾವ ಆ ಕಾಗದವನ್ನು ಎತ್ತಿ ಹಿಡಿದು ಕನ್ನಡದಲ್ಲಿ ಓದಿದರು: "ನಮ್ಮ ನಾಗೇಶನ ಆಟ ನೋಡಲು ಅಮೆರಿಕವೇ ಕಾದು ಕೂತಿದೆ! ತಂಡದ ಒಂಬತ್ತು ರತ್ನಗಳಲ್ಲಿ ಇವನೂ ಒಬ್ಬ!" ಚಪ್ಪಾಳೆಯೋ ಚಪ್ಪಾಳೆ. ನಾನು ಎದ್ದು ನಿಂತು ಹಾಗಲ್ಲ ಎನ್ನಬೇಕಿತ್ತು. ಅಷ್ಟರಲ್ಲಿ ಎರಡನೆಯ ಹಾರ ಬಂತು.

ಹೀಗೆ, ಒಂಬತ್ತರಲ್ಲಿ ಒಬ್ಬನಾಗದೆ ಊರಿಗೆ ಮುಖ ತೋರಿಸುವಂತಿಲ್ಲ ಎಂಬ ಸ್ಥಿತಿಯಲ್ಲಿ ಬಸ್ಸು ಹತ್ತಿದೆ. ನಮ್ಮ ಬಸ್ಸೋ, ಡ್ರೈವರು ಕಾಫಿ ಮುಗಿಸಿ, ಕಂಡಕ್ಟರು ಒಂದು ಭಾಷಣ ಮಾಡಿ, ಹೊರಡುವಷ್ಟರಲ್ಲಿ ಹಾರದ ಹೂವೆಲ್ಲ ಬಾಡಿತ್ತು.

ಹಡಗು, ಮತ್ತು ಅಪ್ಪೆಮಿಡಿ

ಸಮುದ್ರದ ವರ್ಣನೆ ಮಾಡಲಾರೆ. ಮೊದಲ ಆರು ದಿನ ನಾನು ಕಂಡದ್ದು ಒಂದು ತಗಡಿನ ಬೋಗುಣಿಯ ತಳ ಮಾತ್ರ.

ಏಳನೆಯ ದಿನ ಟ್ರಂಕು ತೆರೆದರೆ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಒಡೆದಿತ್ತು. ರಸವೆಲ್ಲ ಅಂತೋನಣ್ಣ ಕೊಟ್ಟಿದ್ದ ಹಳೆಯ ರ‍್ಯಾಕೆಟ್ಟಿಗೆ ಇಳಿದು, ಅದರ ನರದ ತಂತಿಗಳು ಕೆಂಪಗಾಗಿದ್ದವು. ತೊಳೆದೆ, ಒರೆಸಿದೆ, ಬಿಸಿಲಿಗೆ ಇಟ್ಟೆ. ಮಾವಿನ ಮಿಡಿಯ ವಾಸನೆ ಅಲ್ಲಾಡಲಿಲ್ಲ. ಡೆಕ್ಕಿನ ಮೇಲೆ ಅದನ್ನು ಬೀಸಿ ಬೀಸಿ ಅಭ್ಯಾಸ ಮಾಡುವಾಗ ನನ್ನ ಬಾಯಲ್ಲಿ ನೀರೂರಿ, ಮೊಸರನ್ನದ ನೆನಪಾಗಿ ಆಟ ಕೆಡುತ್ತಿತ್ತು.

ನ್ಯೂಯಾರ್ಕಿನಲ್ಲಿ ಟ್ರಂಕು ತಪಾಸಣೆ ಮಾಡಿದ ಅಧಿಕಾರಿ ಅದನ್ನು ಮೂಗಿನ ಹತ್ತಿರ ಹಿಡಿದು ಮೂರು ಸಲ ಸೀನಿದ. "ಇದೇನಿದು?" ಎಂದ. ಸ್ಕ್ವಾಷ್ ಆಡುವುದಕ್ಕೆ ಎಂದೆ. "ಇದರಿಂದ ನಿನ್ನ ಎದುರಾಳಿಗೆ ಏನಾಗುತ್ತದೆ?" ಎಂದು ಕೇಳಿ ತಾನೇ ನಗುತ್ತ ವಾಪಸು ಕೊಟ್ಟ. ಆ ದೇಶದಲ್ಲಿ ನಾನು ಕೇಳಿದ ಮೊದಲ ನಗು ಅದು. ಇಲ್ಲಿ ಬದುಕಬಹುದು ಅನ್ನಿಸಿತು.

ಕೋಚ್ ಮನೆಯ ದರಕು

ಕಾಲೇಜಿನ ಊರು ಬಾಸ್ಟನ್ನಿನಿಂದ ಬಸ್ಸಿನಲ್ಲಿ ಎರಡು ತಾಸು. ಅಲ್ಲಿನ ಬಸ್ಸು ಗಡಿಯಾರ ನೋಡಿ ಹೊರಡುತ್ತದೆ. ಒಬ್ಬ ಮುದುಕಿ ಓಡಿ ಬರುತ್ತಿದ್ದುದನ್ನು ಕಂಡೂ ಡ್ರೈವರು ನಿಲ್ಲಿಸಲಿಲ್ಲ. ನಾನೊಬ್ಬನೇ "ಹೋಲ್ಡಾನ್, ಹೋಲ್ಡಾನ್!" ಎಂದು ಕೂಗಿ ಎಲ್ಲರ ಕಣ್ಣಿಗೆ ಬಿದ್ದೆ.

ಬರುವ ದಿನವನ್ನು ತಿಳಿಸಿ ಡಾಲ್ಟನ್ ಸಾಹೇಬರಿಗೆ ಕಾಗದ ಹಾಕಿದ್ದೆ. ಕಾಗದಕ್ಕಿಂತ ಎರಡು ದಿನ ಮುಂಚೆ ನಾನೇ ತಲುಪಿದೆ. ದೊಡ್ಡವರನ್ನು ಮೊದಲು ಮನೆಗೇ ಹೋಗಿ ಕಾಣಬೇಕೆಂಬುದು ನಮ್ಮ ಪದ್ಧತಿ. ಫೋನು ಮಾಡದೆ ಯಾರ ಮನೆಗೂ ಹೋಗಬಾರದೆಂಬುದು ಅವರದು. ಭಾನುವಾರ ಬೆಳಿಗ್ಗೆ ಟ್ರಂಕಿನ ಸಮೇತ ಗೇಟಿನಲ್ಲಿ ನಿಂತರೆ, ಅರವತ್ತರ ಹತ್ತಿರದ ಒಬ್ಬ ದಪ್ಪನೆಯ ಮನುಷ್ಯ ಏಣಿ ಹತ್ತಿ ಮಾಡಿನಂಚಿನ ಮಳೆನೀರಿನ ದೋಣಿಯಲ್ಲಿ ತುಂಬಿದ್ದ ಎಲೆ ತೆಗೆಯುತ್ತಿದ್ದರು. ಏಣಿ ಅಲ್ಲಾಡುತ್ತಿತ್ತು. ಟ್ರಂಕು ಬಿಟ್ಟು ಓಡಿ ಏಣಿ ಹಿಡಿದುಕೊಂಡೆ.

ಅವರು ಮೇಲಿನಿಂದ ನನ್ನನ್ನು ಬಹಳ ಹೊತ್ತು ನೋಡಿದರು. "ಕಾಗದದ ನಾಲ್ಕು ಮೂಲೆಗೂ ಸಾಸಿವೆ ಚೆಲ್ಲಿಕೊಂಡ ಹುಡುಗ ನೀನೇನಾ?"

ಆ ದೇಶದವರು ಸಾಸಿವೆ ಅರೆದು ಮಾಡಿದ ಹಳದಿ ಗೊಜ್ಜೊಂದನ್ನು ಬ್ರೆಡ್ಡಿಗೆ ಬಳಿದುಕೊಂಡು ತಿನ್ನುತ್ತಾರೆ. ಅಮ್ಮನ ಅರಿಶಿನವನ್ನು ಅವರು ಅದೆಂದುಕೊಂಡಿದ್ದರು. "ಏನೋ ತಿನ್ನುತ್ತ ಬರೆದಿದ್ದಾನೆ, ಆದರೂ ನಾಲ್ಕು ಮೂಲೆಗೆ ಸಮವಾಗಿ ಬೀಳಿಸಿದ್ದಾನೆ. ಈ ಹುಡುಗನ ಕೈ ಗಟ್ಟಿಯಿರಬೇಕು ಅನ್ನಿಸಿತು. ಅದಕ್ಕೇ ಉತ್ತರ ಬರೆದೆ" ಎಂದರು. ಮಾವನ ಎರಡು ಪುಟ ಇಂಗ್ಲಿಷಿನಲ್ಲಿ ಕೊನೆಯ ಸಾಲು ಬಿಟ್ಟರೆ ಏನನ್ನೂ ಅವರು ಓದಿಯೇ ಇರಲಿಲ್ಲ! ನಾನು ಏಣಿ ಬಿಟ್ಟು ನಗಲಾರಂಭಿಸಿದೆ, ಅವರು ಹಿಡಿ ಹಿಡಿ ಎಂದು ಕೂಗಿದರು.

ಅಂಗಳದ ತುಂಬ ಕೆಂಪು, ಹಳದಿ ಎಲೆ. ನನಗೂ ಒಂದು ಕುಂಟೆ ಕೊಟ್ಟರು. ನಮ್ಮ ಕಡೆ ಒಣಗಿದ ಎಲೆಗೆ ದರಕು ಎನ್ನುತ್ತೇವೆ; ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುತ್ತೇವೆ; ಬೆಟ್ಟದ ದರಕಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು. ಉತ್ಸಾಹದಿಂದ ಆಳೆತ್ತರ ರಾಶಿ ಮಾಡಿ, ಕೊಟ್ಟಿಗೆ ಎಲ್ಲಿ ಎಂದು ಕೇಳಿದೆ. ಅವರು ಬೆಂಕಿಕಡ್ಡಿ ಗೀರಿದರು. ಅಷ್ಟೊಂದು ಚಂದದ ದರಕು ಧಗಧಗ ಉರಿಯುವುದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಸಾಹೇಬರು ನನ್ನ ಮುಖ ನೋಡಿ, ಊರಿನ ನೆನಪೇ ಎಂದರು. ಅಲ್ಲ, ಗೊಬ್ಬರದ ನೆನಪು ಎಂದೆ.

ಮೊದಲ ವಾರ: ಕಣ್ಣಿನ ಪರೀಕ್ಷೆ

ಅವರ ಸ್ಕ್ವಾಷ್ ನಮ್ಮದಲ್ಲ. ಕೋಣೆ ನಮ್ಮದಕ್ಕಿಂತ ಇಕ್ಕಟ್ಟು, ಚೆಂಡು ನಮ್ಮದಕ್ಕಿಂತ ಗಟ್ಟಿ. ಎಷ್ಟು ಗಟ್ಟಿ ಎಂದರೆ, ಬೆನ್ನಿಗೆ ಬಿದ್ದರೆ ಸಿಪ್ಪೆ ಸಮೇತ ಒಣಗಿದ ಗೋಟಡಿಕೆ ಬೀಸಿ ಹೊಡೆದ ಹಾಗೆ. ಅಂತೋನಣ್ಣನ ಹಾಗೆ ಮಲಗಿಸಲು ಹೋದರೆ ಅದು ಎದ್ದು ಕೂತು ಹಾರುತ್ತಿತ್ತು. ಮೊದಲ ದಿನ ಟೆಡ್ ಎಂಬವನ ಜೊತೆ ಆಡಿಸಿದರು. ಟೆಡ್ ಉದ್ದನೆಯ, ಕೆಂಚು ಕೂದಲಿನ, ಸಾಧು ಹುಡುಗ. ಹಿಂದಿನ ವರ್ಷ ತಂಡದ ಒಂಬತ್ತನೆಯವನಾಗಿದ್ದವನು. ಮೊದಲ ಎಂಟು ಜಾಗ ಯಾರಿಗೆಂದು ಎಲ್ಲರಿಗೂ ಗೊತ್ತಿತ್ತು. ಆಸೆ ಇಟ್ಟುಕೊಳ್ಳಬಹುದಾದದ್ದು ಟೆಡ್ಡನ ಜಾಗಕ್ಕೆ ಮಾತ್ರ.

ಇಕ್ಕಟ್ಟಿನ ಕೋಣೆಯಲ್ಲಿ ಕಾಲಿಗೆ ಕಾಲು ತಾಗದೆ ಇರುತ್ತದೆಯೇ? ನಮ್ಮಲ್ಲಿ ಕಾಲು ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ಉಸಿರಾಟದ ಹಾಗೆ. ಅಣೆಕಟ್ಟಿನ ಕ್ಲಬ್ಬಿನ ಕೋಣೆಯಲ್ಲಿ ಅಂತೋನಣ್ಣನೂ ನಾನೂ ಕಾಲು ತಾಗಿದಾಗಲೆಲ್ಲ ಆಟ ನಿಲ್ಲಿಸಿ, ಒಬ್ಬರನ್ನೊಬ್ಬರು ಮುಟ್ಟಿಕೊಂಡು, ಆ ಅಂಕವನ್ನು ಮೊದಲಿನಿಂದ ಆಡುತ್ತಿದ್ದೆವು. ಅದು ಸ್ಕ್ವಾಷಿನ ನಿಯಮವೆಂದೇ ನಾನು ತಿಳಿದಿದ್ದೆ!

ಟೆಡ್ ನಿಲ್ಲಿಸಲಿಲ್ಲ. ನಾನು ಅವನ ಭುಜ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವಷ್ಟರಲ್ಲಿ ಅವನು ಚೆಂಡು ಹೊಡೆದು ಮುಗಿಸಿರುತ್ತಿದ್ದ. ಹೀಗೆ ಸತತ ಒಂಬತ್ತು ಅಂಕ ಹೋದವು. ಮೇಲಿನ ಗ್ಯಾಲರಿಯಿಂದ ಡಾಲ್ಟನ್ ಸಾಹೇಬರು, "ಅವನ ಕಣ್ಣಿಗೆ ಏನೋ ಆಗಿದೆ, ನಿಲ್ಲಿಸಿ" ಎಂದು ಕೂಗಿದರು. ನಾನು ವಿವರಿಸುವ ಮುಂಚೆಯೇ ನನ್ನನ್ನು ಕಾರಿನಲ್ಲಿ ತುಂಬಿಕೊಂಡು ಹೋಗಿ ಕಣ್ಣಿನ ಡಾಕ್ಟರ ಮುಂದೆ ಕೂರಿಸಿದರು. ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿಸಿದರು. ಅತಿ ಕೆಳಗಿನ ಸಾಲನ್ನೂ, ಅದರ ಕೆಳಗೆ ಸಣ್ಣದಾಗಿದ್ದ ಮುದ್ರಣಾಲಯದ ಹೆಸರನ್ನೂ ಓದಿಬಿಟ್ಟೆ. "ಇಂಥ ಕಣ್ಣು ನನಗಿದ್ದರೆ!" ಎಂದರು ಡಾಕ್ಟರು.

ವಾಪಸು ಬರುವಾಗ ಕಾರಿನಲ್ಲಿ ಎಲ್ಲ ಹೇಳಿದೆ. ಸಾಹೇಬರು ನಗಲಿಲ್ಲ. "ಅದಕ್ಕೆ ಎಷ್ಟು ಹೊತ್ತು ಬೇಕು?" ಎಂದರು.

"ಒಂದು ಸೆಕೆಂಡು."

"ಈ ಆಟದಲ್ಲಿ ಒಂದು ಸೆಕೆಂಡು ಅಂದರೆ ಒಂದು ಅಂಕ. ಅದನ್ನು ಆಮೇಲೆ ಮಾಡಬಾರದು ಅಂತ ಎಲ್ಲಾದರೂ ಇದೆಯಾ?"

ಯಾರೂ ಕೇಳಿರದ ಪ್ರಶ್ನೆ ಅದು. ಆಯ್ಕೆಗೆ ಇನ್ನೂ ಆರು ವಾರವಿತ್ತು. ಅಂದೇ ಅದನ್ನೇ ಕೇಳಿ ಅಮ್ಮನಿಗೆ ಕಾಗದ ಬರೆದೆ.

ಅಮ್ಮನ ಕಾಗದ ಬಂದ ದಿನ

ಆ ಆರು ವಾರ ಕೈಯನ್ನು ಕಟ್ಟಿಹಾಕಲು ಪಟ್ಟ ಪಾಡು ದೇವರಿಗೇ ಪ್ರೀತಿ. ಎಡಗೈಯನ್ನು ಜೇಬಿಗೆ ತುರುಕಿಕೊಂಡು ಆಡಿದೆ. ಬಲಗೈ ರ‍್ಯಾಕೆಟ್ಟಿನ ಸಮೇತ ಕಣ್ಣಿಗೆ ಹೋಗಿ ಹುಬ್ಬು ಬಾತುಕೊಂಡಿತು. ತಡೆದುಕೊಂಡ ದಿನ ಆಟ ಚೆನ್ನಾಗಿ ಆಗುತ್ತಿತ್ತು, ಆದರೆ ಊಟ ಸೇರುತ್ತಿರಲಿಲ್ಲ. ಊಟವಾದರೂ ಏನು! ಮಾಂಸ ತಿನ್ನದ ನನಗೆ ಬ್ರೆಡ್ಡು, ಅದರ ಮೇಲೆ ಆ ಹಳದಿ ಸಾಸಿವೆ ಗೊಜ್ಜು. ಗಟ್ಟಿ ಚೆಂಡನ್ನು ಮಲಗಿಸುವುದನ್ನು ಮಾತ್ರ ದಿನಾ ಒಬ್ಬನೇ ಅಭ್ಯಾಸ ಮಾಡಿದೆ. ಹತ್ತರಲ್ಲಿ ಒಂದು ಮಲಗುತ್ತಿತ್ತು, ಆಮೇಲೆ ಮೂರು.

ಆಯ್ಕೆಯ ದಿನ ಬೆಳಿಗ್ಗೆ ಮೊದಲ ಹಿಮ ಬಿತ್ತು. ಅಡಿಕೆ ಒಣಹಾಕುವ ಅಂಗಳದಷ್ಟು ಬಿಳಿಯನ್ನು ಒಟ್ಟಿಗೆ ಎಂದೂ ನೋಡಿರಲಿಲ್ಲ. ಹುಚ್ಚನಂತೆ ಓಡಾಡಿ, ಎರಡು ಸಲ ಜಾರಿ ಬಿದ್ದು, ಅಂಚೆಪೆಟ್ಟಿಗೆಯ ಹತ್ತಿರ ಹೋದರೆ ಕಾಗದ ಬಂದಿತ್ತು. ಅಮ್ಮನ ಕೈಬರಹ, ಅಮ್ಮನ ಮಾತು.

"ನಾಗೇಶಂಗೆ ಅಮ್ಮ ಮಾಡುವ ಆಶೀರ್ವಾದ. ಕಾಲು ತಾಗಿದ್ರೆ ಮುಟ್ಕೊಳ್ಳೋದು ಎದುರಿನವ್ರ ಮನಸ್ಸಿಗೆ ಬೇಜಾರಾಗ್ಬಾರ್ದು ಅಂತ. ಆಟ ಮುಗ್ದ ಮೇಲೆ ಮಾಡು, ಅಡ್ಡಿಲ್ಲ. ಎಷ್ಟು ಸಲ ತಾಗ್ತು ಅಂತ ಮಾತ್ರ ಎಣಿಸ್ಕ. ಮತ್ತೊಂದು. ನಿನ್ನನ್ನ ಅವ್ರು ಇನ್ನೂ ಆರ್ಸಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು. ಅಣ್ಣ ಓದೋವಾಗ ನಿನ್ನ ಮುಖ ನೋಡ್ದೆ. ಆರಿಸ್ದಿದ್ರೆ ಹೆದರ್ಕೊಂಡು ಅಲ್ಲೇ ಕೂರ್ಬೇಡ. ಓದು ಮುಗಿಸ್ಕಂಡು ಬಾ. ಹಾಕಿದ ಹಾರನ ಯಾರೂ ವಾಪಸ್ ಕೇಳಲ್ಲ."

ಹಿಮದಲ್ಲಿ ನಿಂತು ಅತ್ತೆ. ಮೂರು ತಿಂಗಳಿಂದ ಹೊಟ್ಟೆಯಲ್ಲಿ ಕೂತಿದ್ದ ಸುಳ್ಳು ಇಳಿದುಹೋಯಿತು. ಈಗ ಆಡಬೇಕಿದ್ದದ್ದು ಮಾವನಿಗಾಗಿ ಅಲ್ಲ, ಊರಿಗಾಗಿ ಅಲ್ಲ. ಆಡಬೇಕೆಂಬ ಆಸೆ ನನಗೇ ಇತ್ತು.

ಆಯ್ಕೆಯ ದಿನ, ಮಧ್ಯಾಹ್ನ

ಟೆಡ್ಡನೂ ನಾನೂ ಆಡುವ ಐದು ಆಟಗಳಲ್ಲಿ ಮೂರು ಗೆದ್ದವನು ಒಂಬತ್ತನೆಯವನು. ಗ್ಯಾಲರಿಯಲ್ಲಿ ಇಡೀ ತಂಡ.

ಮೊದಲ ಆಟದಲ್ಲೇ ಕಾಲು ತಾಗಿತು. ಕೈ ತುಡಿಯಿತು. "ಒಂದು" ಎಂದು ಮೆಲ್ಲಗೆ ಹೇಳಿ ಚೆಂಡಿನ ಹಿಂದೆ ಓಡಿದೆ. ಎಣಿಸಿಬಿಟ್ಟರೆ ಕೈ ಸುಮ್ಮನಾಗುತ್ತದೆಂದು ಆಗ ಗೊತ್ತಾಯಿತು. ಎರಡು, ಮೂರು. ನಾನು ಎರಡು ಆಟ ಗೆದ್ದೆ, ಟೆಡ್ ಎರಡು ಗೆದ್ದ. ಅಷ್ಟರಲ್ಲಿ ಕಾಲು ತಾಗಿದ ಲೆಕ್ಕ ಹತ್ತಾಗಿತ್ತು. ರ‍್ಯಾಕೆಟ್ಟು ಬೆವರಿಗೆ ನೆಂದು ಮಾವಿನ ಮಿಡಿಯ ಘಮ ಕೋಣೆ ತುಂಬಿತ್ತು. ಟೆಡ್ ಆಗಾಗ ಮೂಗು ಅರಳಿಸಿ ಸುತ್ತ ನೋಡುತ್ತಿದ್ದ.

ಐದನೆಯ ಆಟ. ಮೊದಲು ಹದಿನೈದು ಅಂಕ ಮುಟ್ಟಿದವನು ಗೆದ್ದ ಹಾಗೆ. ನನ್ನದು ಹದಿನಾಲ್ಕು, ಅವನದು ಹನ್ನೆರಡು. ಚೆಂಡು ಹಿಂದಿನ ಗೋಡೆಗೆ ಬಡಿದು ನಡುವಿಗೆ ಬಂತು. ನುಗ್ಗುವಾಗ ಟೆಡ್ಡನ ಬೂಟಿನ ಹಿಮ್ಮಡಿಗೆ ನನ್ನ ಕಾಲು ಚೆನ್ನಾಗಿಯೇ ತಾಗಿತು. "ಹನ್ನೊಂದು!" ಎಂದು ನನಗರಿವಿಲ್ಲದೆ ಕೂಗಿಬಿಟ್ಟೆ. ಟೆಡ್ ಜೋರು ಹೊಡೆತ ಬರುತ್ತದೆಂದು ಹಿಂದಕ್ಕೆ ಓಡಿದ. ನಾನು ಮೆಲ್ಲಗೆ ತಟ್ಟಿದೆ. ಗಟ್ಟಿ ಚೆಂಡು ಗೋಡೆಗೆ ಒರಗಿ, ಇಳಿದು, ಮೂಲೆಯಲ್ಲಿ ಮಲಗಿತು. ಅಂತೋನಣ್ಣ ಅಲ್ಲಿರಬೇಕಿತ್ತು.

ಗ್ಯಾಲರಿಯವರು ಕೂಗುತ್ತಿದ್ದರು. ಟೆಡ್ ಕೈಕುಲುಕಲು ಬಂದ. "ಸ್ವಲ್ಪ ನಿಲ್ಲು" ಎಂದೆ. ಅವನ ಭುಜ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಒಂದು. ಮತ್ತೆ ಮುಟ್ಟಿದೆ. ಎರಡು. ಅವನು ಒಂದೊಂದೇ ಹೆಜ್ಜೆ ಹಿಂದೆ ಸರಿದು ಗೋಡೆಗೆ ಆತುಕೊಂಡ. ನಾನು ಬಿಡಲಿಲ್ಲ. ಹನ್ನೊಂದು ಮುಗಿಸಿ, ಏದುಸಿರಿನಲ್ಲೇ ಕಾರಣ ಹೇಳಿದೆ.

"ನೀನು ನನಗೆ ಶಾಪ ಹಾಕುತ್ತಿದ್ದೀಯ ಅಂದುಕೊಂಡಿದ್ದೆ" ಎಂದ ಟೆಡ್. ಆಮೇಲೆ ಕೇಳಿದ: "ನಾನು ನಿನ್ನನ್ನು ತುಳಿದದ್ದು ಎಷ್ಟು ಸಲ?"

"ಅದನ್ನು ನಾನು ಎಣಿಸಲಿಲ್ಲ."

ಜಾಗ ಕಳೆದುಕೊಂಡವನು ಅವನು, ಕಣ್ಣು ಒದ್ದೆಯಾಗಿತ್ತು. ಬಗ್ಗಿ ನನ್ನ ಭುಜ ಮುಟ್ಟಿ, ಅಂಗೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. "ಎಲ್ಲಕ್ಕೂ ಸೇರಿಸಿ ಇದೊಂದು" ಎಂದ. ಮೇಲೆ ಡಾಲ್ಟನ್ ಸಾಹೇಬರು ಬೇರೆಲ್ಲೋ ನೋಡುತ್ತ ಮೂಗು ಒರೆಸಿಕೊಳ್ಳುತ್ತಿದ್ದರು. ಉಪ್ಪಿನಕಾಯಿಯ ಘಾಟಿರಬಹುದು.

ಊಟದ ಮನೆ

ತಂಡದ ಪಟ್ಟಿಯನ್ನು ಟೈಪು ಮಾಡಿ ಬಾಗಿಲಿಗೆ ಅಂಟಿಸಿದ್ದರು. ಒಂಬತ್ತನೆಯ ಸಾಲಿನಲ್ಲಿ ನನ್ನ ಹೆಸರು. ಸಾಹೇಬರನ್ನು ಬೇಡಿ ಅದರ ಮೂರು ಪ್ರತಿ ತೆಗೆದುಕೊಂಡೆ: ಅಮ್ಮನಿಗೊಂದು, ಅಂತೋನಣ್ಣನಿಗೊಂದು, ಮಾವನಿಗೊಂದು. ಅಮ್ಮನ ಪ್ರತಿಯ ಜೊತೆ ನಾಲ್ಕು ಪುಟ ಬರೆದೆ. ಅಂತೋನಣ್ಣನಿಗೆ "ಮಲಗಿತು" ಎಂದಷ್ಟೇ ಬರೆದೆ. ಮಾವನಿಗೆ ಒಂದು ಸಾಲು: "ನಿಮ್ಮ ತರ್ಜುಮೆಯಲ್ಲಿ ತಪ್ಪೇನೂ ಇರಲಿಲ್ಲ, ಸ್ವಲ್ಪ ಮುಂಚಿತವಾಗಿತ್ತು."

ಲಕೋಟೆಗೆ ಹಾಕುವ ಮುಂಚೆ ಕೈ ತಡೆಯಿತು. ಶುಭ ಸಮಾಚಾರ, ಮೂಲೆಗಳು ಬರಿದಾಗಿದ್ದವು. ಆ ಊರಿನಲ್ಲಿ ಅರಿಶಿನ ಎಲ್ಲಿಂದ ತರಲಿ? ಊಟದ ಮೇಜಿನ ಮೇಲೆ ಸಾಸಿವೆ ಗೊಜ್ಜಿನ ಬಾಟಲಿ ಇತ್ತು. ಎದುರು ಕೂತಿದ್ದ ಟೆಡ್ ಅದನ್ನು ನನ್ನ ಕಡೆ ತಳ್ಳಿದ. ಬೆರಳಿಗೆ ತಾಗಿಸಿಕೊಂಡು, ಮೂರು ಕಾಗದದ ಹನ್ನೆರಡು ಮೂಲೆಗೂ ಸಮವಾಗಿ ಹಚ್ಚಿದೆ.